ಸಂದೇಶಗಳನ್ನು ಅಚ್ಚುಕಟ್ಟು ಮಾಡಿದವರು

ನಿಸ್ತಂತು ಜಾಲದ ಕ್ಷೇತ್ರದಲ್ಲಿ ವೇಗ ಹೆಚ್ಚಿಸಿದವರಿಗೆ ಪ್ರಶಸ್ತಿಗಳಿವೆ, ದೂರ ಹೆಚ್ಚಿಸಿದವರಿಗೆ ಪದವಿಗಳಿವೆ, ಎರಡನ್ನೂ ಮಾಡದೆ, ಮಾಡಿದವರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡವರಿಗೆ ದೊಡ್ಡ ಕುರ್ಚಿಗಳಿವೆ. ಈ ಮೂರು ಪಂಗಡಕ್ಕೂ ಸೇರದ ಒಬ್ಬರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಕಂಪ್ಯೂಟರಿಗೂ ಅದರೊಳಗಿನ ವೈಫೈ ಚಿಪ್ಪಿಗೂ ನಡುವೆ ನಿಂತು ದುಭಾಷಿಯ ಕೆಲಸ ಮಾಡುವ ಡ್ರೈವರ್ ಎಂಬ ತಂತ್ರಾಂಶವು ತನಗೇನಾಗುತ್ತಿದೆ ಎಂಬುದನ್ನು ಆಗಾಗ ಒಂದೊಂದು ಸಾಲಿನಲ್ಲಿ ಬರೆದಿಡುತ್ತದೆ. ಯಂತ್ರ ಕೆಟ್ಟಾಗ ರಿಪೇರಿಯವರು ಮೊದಲು ಓದುವುದು ಡೀಬಗ್ ಸಂದೇಶಗಳೆಂಬ ಆ ಸಾಲುಗಳನ್ನೇ. ಅವು ಸುಳ್ಳು ಹೇಳಬಾರದು, ಗುಟ್ಟು ಬಿಟ್ಟುಕೊಡಬಾರದು, ಬೇಡದ್ದನ್ನು ಒದರಿ ಬೇಕಾದ್ದನ್ನು ಮುಳುಗಿಸಬಾರದು. ಇಷ್ಟನ್ನು ನೋಡಿಕೊಳ್ಳುವ ಹೊಣೆಯನ್ನು ನಮ್ಮ ಸಂಸ್ಥೆಯಲ್ಲಿ ಮೂರು ದಶಕಗಳ ಕಾಲ ಅವರೊಬ್ಬರೇ ಹೊತ್ತರು. ಯಂತ್ರ ಬರೆದಿಟ್ಟ ಸಾಲುಗಳ ಕಂತೆಗೆ ಲಾಗ್ ಎಂದು ಹೆಸರು. ಹಾಗಾಗಿ ಯಾರೋ ತಮಾಷೆಗೆ ಅವರನ್ನು ಲಾಗಮ್ಮ ಎಂದರು, ಅವರು ನಕ್ಕು ಅದನ್ನೇ ಬಾಗಿಲ ಫಲಕಕ್ಕೂ ಬರೆಸಿಕೊಂಡರು.

ಇಂಥ ಅಭಿನಂದನಾ ಸಂಪುಟಗಳಲ್ಲಿ ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆಯುವುದು ವಾಡಿಕೆ. ಈ ಸಂಪುಟದಲ್ಲೂ ಆ ಮಾತು ಕಡಿಮೆಯೆಂದರೂ ಐದಾರು ಲೇಖನಗಳಲ್ಲಿ ಬಂದೀತು. ಎಲೆ ತಾನಾಗಿ ಬೆಳೆದು ಅಡ್ಡ ಬಂತೋ, ಯಾರಾದರೂ ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರೋ ಎಂದು ಯಾರೂ ಕೇಳುವುದಿಲ್ಲ. ಶುಭ ಸಂದರ್ಭವಾದ್ದರಿಂದ ಕಹಿ ಪ್ರಸಂಗಗಳನ್ನು ಕೈಬಿಡಬೇಕೆಂದು ಸಂಪಾದಕ ಸಮಿತಿಯ ಅಧ್ಯಕ್ಷರೂ ಸಂಸ್ಥೆಯ ನಿರ್ದೇಶಕರೂ ಆದ ಮಾನ್ಯರು ಎಲ್ಲ ಲೇಖಕರಿಗೂ ತಿಳಿಸಿದ್ದಾರೆ. ಅವರ ಮಾತಿಗೆ ಬೆಲೆ ಕೊಟ್ಟು ಲಾಗಮ್ಮನವರ ಸೇವೆಯಿಂದ ಕಹಿಯನ್ನು ತೆಗೆದುಹಾಕಿದರೆ ಕೈಗೆ ಸಿಗುವುದು ಸೇರಿದ ತಾರೀಖು ಮತ್ತು ಬಿಡುವ ತಾರೀಖು ಮಾತ್ರ.

ಅವರು ಸೇರಿದಾಗ ಡ್ರೈವರ್ ವಿಭಾಗ ಮೂರನೆಯ ಮಹಡಿಯ ಒಂದು ಉದ್ದನೆಯ ಕೋಣೆಯಲ್ಲಿತ್ತು. ಕಿಟಕಿಗೆ ಬೆನ್ನು ಮಾಡಿ ಕುಳಿತರೆ ಪರದೆಯ ಮೇಲೆ ಬಿಸಿಲು ಬಿದ್ದು ಏನೂ ಕಾಣುತ್ತಿರಲಿಲ್ಲ. ಕಿಟಕಿಗೆ ಮುಖ ಮಾಡಿದ ಮೇಜುಗಳೆಲ್ಲ ಹಿರಿಯರವು. ಆ ಹಿರಿಯರಲ್ಲಿ ಚುರುಕಾದವರು, ಮಾತುಬಲ್ಲವರು, ಹೊಸಬರಿಗೆ ತಾಳ್ಮೆಯಿಂದ ಕಲಿಸುವವರು ಎಂದು ಹೆಸರಾಗಿದ್ದವರು ಈಗಿನ ನಿರ್ದೇಶಕರೇ. ಲಾಗಮ್ಮನವರಿಗೆ ಮೊದಲ ಪಾಠ ಹೇಳಿದವರೂ ಅವರೇ. ಸಂದೇಶದ ಕೆಲಸ ಹೇಳುವುದು ಮಾತ್ರ, ಮಾಡುವುದಲ್ಲ. ಸಂದೇಶವನ್ನು ಕಿತ್ತು ಎಸೆದರೂ ಡ್ರೈವರ್ ಮೊದಲಿನಂತೆಯೇ ನಡೆಯಬೇಕು. ಅದರ ಹೊಟ್ಟೆಯೊಳಗೆ ಎಂದೂ ನಿಜವಾದ ಕೆಲಸ ಇಡಬಾರದು ಎಂದು ಅವರು ಬೋರ್ಡಿನ ಮೇಲೆ ಬರೆದು ಗೆರೆ ಎಳೆದು ಹೇಳಿದ್ದರಂತೆ. ಲಾಗಮ್ಮ ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡರು. ಹೇಳಿದವರು ಹೊತ್ತುಕೊಂಡಿದ್ದಾರೆಯೇ ಎಂದು ಆಗ ನೋಡಲಿಲ್ಲ.

ಮೊದಲ ವರ್ಷಗಳಲ್ಲಿ ಅವರು ಮಾಡಿದ್ದು ಯಾರೂ ಬಯಸದ ಕೆಲಸ. ಕೊನೆಯಲ್ಲಿ ಸಾಲು ಮುರಿಯದ್ದರಿಂದ ಎರಡು ಸಂದೇಶಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು. ಯಂತ್ರದ ವಿಳಾಸ ಹಿಂದುಮುಂದಾಗಿ ಅಚ್ಚಾಗುತ್ತಿತ್ತು. ಒಂದು ಡ್ರೈವರಂತೂ ಮನೆಯವರು ಗುಟ್ಟಾಗಿಟ್ಟ ವೈಫೈ ಪಾಸ್‌ವರ್ಡನ್ನು ಲಾಗಿನಲ್ಲಿ ನಿರಾಳವಾಗಿ ಬರೆದಿಡುತ್ತಿತ್ತು. ಇನ್ನೊಂದು, ಸಂಪರ್ಕವಾಗುವ ಮೊದಲೇ ಸಂಪರ್ಕವಾಯಿತು ಎಂದು ಘೋಷಿಸುತ್ತಿತ್ತು. ಅದನ್ನು ಬರೆದವರ ಸ್ವಭಾವವೂ ಹಾಗೆಯೇ ಇತ್ತೆಂದು ವಿಭಾಗದಲ್ಲಿ ನಗುತ್ತಿದ್ದರು. ಲಾಗಮ್ಮ ಡ್ರೈವರುಗಳನ್ನು ಒಂದೊಂದಾಗಿ ಎತ್ತಿಕೊಂಡು ಸಂದೇಶದ ಪ್ರತಿ ಸಾಲನ್ನೂ ಮುಟ್ಟಿ, ತಿದ್ದಿ, ಒಪ್ಪ ಮಾಡಿದರು. ನಮ್ಮ ಕೆಲಸದಲ್ಲಿ ಪ್ರತಿ ಸಾಲಿನ ಪಕ್ಕದಲ್ಲೂ ಅದನ್ನು ಕೊನೆಗೆ ಮುಟ್ಟಿದವರ ಹೆಸರು ಕಾಣುವ ವ್ಯವಸ್ಥೆಯಿದೆ. ಹಾಗಾಗಿ ಆ ದೊಡ್ಡ ಗುಡಿಸುವಿಕೆ ಮುಗಿದ ಮೇಲೆ ಯಾವ ಡ್ರೈವರನ್ನು ತೆರೆದರೂ ಸಂದೇಶಗಳ ಪಕ್ಕದಲ್ಲೆಲ್ಲ ಲಾಗಮ್ಮನವರ ಹೆಸರೇ ಇತ್ತು. ಮೊದಲು ಬರೆದವರ ಹೆಸರು ಬೇಕಾದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡಬೇಕು. ಅಷ್ಟು ವ್ಯವಧಾನ ಇರುವವರು ಕಡಿಮೆ.

ಆ ಕಾಲದಲ್ಲಿ ಅವರು ಮಾಡಿದ ಉಪಕಾರಗಳನ್ನು ನೆನೆಯುವವರು ಇಂದಿಗೂ ಇದ್ದಾರೆ. ಒಂದು ವಿದ್ಯಾರ್ಥಿನಿಲಯದ ರಿಪೇರಿಯಾತ ಫೋನ್ ಮಾಡಿ, ನಿಮ್ಮ ಯಂತ್ರ ಬರೀ ಒಂದು ಅಂಕಿ ತೋರಿಸಿ ಸುಮ್ಮನಾಗುತ್ತದೆ, ಇದನ್ನಿಟ್ಟುಕೊಂಡು ಹುಡುಗರಿಗೆ ಏನು ಹೇಳಲಿ ಎಂದು ರೇಗಾಡಿದ್ದ. ಬೇರೆಯವರಾಗಿದ್ದರೆ ಕೈಪಿಡಿ ಓದಿ ಎಂದು ಫೋನ್ ಇಡುತ್ತಿದ್ದರು. ಲಾಗಮ್ಮ ಅವನಿಂದಲೇ ಅವನ ಮಾತಿನಲ್ಲಿ ತೊಂದರೆಯನ್ನು ಹೇಳಿಸಿ, ಮುಂದಿನ ಆವೃತ್ತಿಯಲ್ಲಿ ಆ ಅಂಕಿಯ ಪಕ್ಕದಲ್ಲಿ ಎದುರಿನ ಸಾಧನ ಉತ್ತರ ಕೊಡುತ್ತಿಲ್ಲ, ಅದರ ವಿದ್ಯುತ್ ಇದೆಯೇ ನೋಡಿ ಎಂದು ಸೇರಿಸಿದರು. ಆತ ಮತ್ತೆ ಫೋನ್ ಮಾಡಿ ಸಂದೇಶ ಬರೆದವರಿಗೆ ಕೃತಜ್ಞತೆ ಹೇಳಿದಾಗ ಕರೆ ಹೋದದ್ದು ವಿಭಾಗದ ಹಿರಿಯರ ಮೇಜಿಗೆ. ಅವರು ಅದನ್ನು ಬಹಳ ವಿನಯದಿಂದ ಸ್ವೀಕರಿಸಿದರು.

ಮುಂದಿನದು ಸಮಿತಿ ಬೇಡವೆಂದ ಭಾಗ.

ಡ್ರೈವರುಗಳು ವಿಪರೀತ ಒದರುವುದರಿಂದ ಯಂತ್ರಗಳು ನಿಧಾನವಾಗುತ್ತಿವೆ ಎಂಬ ದೂರುಗಳು ಬಂದಾಗ, ಆಗ ವಿಭಾಗದ ಮುಖ್ಯಸ್ಥರಾಗಿದ್ದ ಈಗಿನ ನಿರ್ದೇಶಕರು ಗ್ರಾಹಕರಿಗೆ ಹೋಗುವ ಆವೃತ್ತಿಯಲ್ಲಿ ಡೀಬಗ್ ಸಂದೇಶಗಳೇ ಇರದಂತೆ ಮಾಡಬೇಕೆಂದು ಲಾಗಮ್ಮನವರಿಗೆ ಆದೇಶಿಸಿದರು. ಅವರು ಮಾಡಿದರು. ಬದಲಾವಣೆಯ ವಿವರಣೆಯಲ್ಲಿ, ಮೇಜಿನ ಮೇಲಿಟ್ಟು ಪರೀಕ್ಷಿಸಿದರೆ ಸಾಲದು, ಬಿಡುಗಡೆಗೆ ಮುಂಚೆ ಯಂತ್ರಗಳನ್ನು ಬಳಸುವ ಜಾಗದಲ್ಲೇ ಓಡಾಡಿಸಿ ನೋಡಬೇಕೆಂದು ಬರೆದಿದ್ದರು. ಮುಖ್ಯಸ್ಥರಿಗೆ ಯಾವ ಬದಲಾವಣೆಯನ್ನೇ ಆಗಲಿ ಶೀರ್ಷಿಕೆ ನೋಡಿ ಒಪ್ಪುವ ಅಭ್ಯಾಸ. 'ಸಂದೇಶಗಳ ಅಚ್ಚುಕಟ್ಟು' ಎಂದಿತ್ತು, ಒಪ್ಪಿದರು. ಓಡಾಡಿಸಿ ನೋಡುವವರು ಯಾರೂ ಇರಲಿಲ್ಲ.

ಆ ಡ್ರೈವರುಗಳಲ್ಲೊಂದು ಆಸ್ಪತ್ರೆಯ ಹಾಸಿಗೆಗಳ ಪಕ್ಕದ ಯಂತ್ರಗಳಲ್ಲಿತ್ತು. ರೋಗಿಯ ನಾಡಿಬಡಿತವನ್ನು ವೈಫೈ ಮೂಲಕ ನರ್ಸಿನ ಮೇಜಿನ ಪರದೆಗೆ ಕಳಿಸುವ ಯಂತ್ರಗಳು ಅವು. ಹಾಸಿಗೆಯನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ತಳ್ಳಿಕೊಂಡು ಹೋದಾಗ ಯಂತ್ರ ಹಳೆಯ ಸಂಪರ್ಕ ಬಿಟ್ಟು ಹೊಸದನ್ನು ಹಿಡಿಯಬೇಕು. ಆಗ ಚಿಪ್ಪಿನಲ್ಲಿ ಒಂದು ಪುಟ್ಟ ಖಾನೆ ತುಂಬುತ್ತದೆ. ಡ್ರೈವರ್ ಅದನ್ನು ಓದಿದರೆ ಅದು ತಾನಾಗಿ ಖಾಲಿಯಾಗುತ್ತದೆ, ಓದದಿದ್ದರೆ ಚಿಪ್ಪು ಮುಂದಿನ ಮಾಹಿತಿಯನ್ನು ಕಳಿಸದೆ ಹಾಗೇ ಕಾಯುತ್ತ ಕೂರುತ್ತದೆ. ಈ ಓದುವ ಕೆಲಸವನ್ನು ಮೊದಲು ಬರೆದವರು ಎಲ್ಲಿಟ್ಟಿದ್ದರು ಎಂದರೆ, ಒಂದು ಡೀಬಗ್ ಸಂದೇಶದ ಹೊಟ್ಟೆಯೊಳಗೆ. ಖಾನೆಯಲ್ಲಿ ಏನಿದೆ ಎಂದು ಲಾಗಿನಲ್ಲಿ ತೋರಿಸುವ ನೆಪದಲ್ಲಿ ಅಲ್ಲೇ ಓದಿ, ಬೇರೆಡೆ ಓದುವ ಗೋಜಿಗೇ ಹೋಗಿರಲಿಲ್ಲ. ಸಂದೇಶ ಹೋದಾಗ ಓದುವಿಕೆಯೂ ಹೋಯಿತು. ಪರೀಕ್ಷೆಯ ಕೋಣೆಯಲ್ಲಿ ಯಂತ್ರಗಳು ಮೇಜಿನ ಮೇಲೆ ಕುಳಿತೇ ಇರುವುದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬ ಮುದುಕರನ್ನು ಹಾಸಿಗೆಸಮೇತ ಪಕ್ಕದ ವಾರ್ಡಿಗೆ ತಂದರು. ನರ್ಸಿನ ಪರದೆಯಲ್ಲಿ ಅವರ ನಾಡಿಬಡಿತ ಚೆನ್ನಾಗಿಯೇ ಕಾಣುತ್ತಿತ್ತು. ಅದು ವಾರ್ಡ್ ಬದಲಿಸುವ ಮುಂಚಿನ ಅಂಕಿ. ನರ್ಸ್ ಎರಡು ಮೂರು ಸಲ ಪರದೆ ನೋಡಿ, ಸರಿಯಿದೆಯೆಂದು ನಂಬಿ, ನರಳುತ್ತಿದ್ದ ಬೇರೆಯವರ ಕಡೆ ಗಮನ ಕೊಟ್ಟರು. ಹಾಸಿಗೆಯ ಹತ್ತಿರ ಹೋಗುವಷ್ಟರಲ್ಲಿ ಮುದುಕರ ಜೀವ ಹೋಗಿತ್ತು. ಆ ನರ್ಸ್ ಲಾಗಮ್ಮನವರ ಒಡಹುಟ್ಟಿದ ತಂಗಿ.

ಸಾವಿನ ಸುದ್ದಿ ಬಂದ ಮಧ್ಯಾಹ್ನದಿಂದಲೇ ಲಾಗಮ್ಮ ಕೋಡನ್ನು ಸಾಲು ಸಾಲಾಗಿ ಜಾಲಾಡಿ ಕಾರಣ ಹಿಡಿದರು. ಮುಖ್ಯಸ್ಥರ ಬಳಿ ಹೋಗಿ ತೋರಿಸಿದರು. ಹಿಂದಿನ ಹೆಜ್ಜೆಯಲ್ಲಿ ಇದ್ದದ್ದು ಮುಖ್ಯಸ್ಥರದೇ ಹೆಸರು. ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿದ್ದ ನಿಯಮವನ್ನು, ಹೇಳುವುದಕ್ಕೆ ಮುಂಚೆಯೇ, ಅವರೇ ಮುರಿದಿದ್ದರು. ಕಲಿಸಿದವರು ಮುರಿದಿರಬಹುದೆಂಬ ಯೋಚನೆ ತಲೆಗೆ ಬಂದಿದ್ದರೆ ಆ ಸಾಲಿನ ಒಳಗೆ ಇಣುಕಿ ನೋಡುತ್ತಿದ್ದೆ ಎಂದು ಲಾಗಮ್ಮ ಇಂದಿಗೂ ಕೊರಗುತ್ತಾರೆ. ಅವರ ಪಾಲಿನ ತಪ್ಪು ಅಷ್ಟು. ಗುರುವನ್ನು ನಂಬಿದ್ದು.

ಮುಖ್ಯಸ್ಥರು ಪರದೆಯನ್ನು ನೋಡಿ, ವಿಚಾರಣೆಯಲ್ಲಿ ಎಲ್ಲ ಸರಿಯಾಗಿ ಬರುತ್ತದೆ, ಈಗ ಮೊದಲು ದೋಷ ಸರಿಪಡಿಸಿ ಎಂದರು. ದೋಷ ಸಂಜೆಗೆಲ್ಲ ಸರಿಹೋಯಿತು. ವಿಚಾರಣೆ ನಡೆದದ್ದು ಎಷ್ಟೋ ದಿನದ ಮೇಲೆ, ಹೊಸದಾಗಿ ಬಣ್ಣ ಹೊಡೆದ ಸಭಾಕೋಣೆಯಲ್ಲಿ. ತನಿಖೆಗೆ ಬಂದಿದ್ದ ಅಧಿಕಾರಿ ಸಾಲನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ ಕೇಳಿದ್ದು ಒಂದೇ ಪ್ರಶ್ನೆ.

"ಈ ಸಾಲಿನ ಪಕ್ಕ ಇರೋದು ನಿಮ್ಮ ಹೆಸರು ಹೌದೋ ಅಲ್ವೋ?"

"ಹೌದು. ಆದ್ರೆ ಒಂದು ಹೆಜ್ಜೆ ಹಿಂದೆ ನೋಡಿ ಸರ್. ನಾನು ಅದರ ಕೊನೆ ಮಾತ್ರ ತಿದ್ದಿದ್ದು, ಬರೆದದ್ದು ನಾನಲ್ಲ."

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಸಂದೇಶ ನಿಲ್ಲಿಸಿದ್ದೂ ನೀವೇ ತಾನೆ?"

ಅದೂ ಹೌದಾಗಿತ್ತು. ಬರೆದವರು ಇವರೇ ಎಂದು ಲಾಗಮ್ಮ ಎದುರಿಗೆ ಕುಳಿತಿದ್ದ ಮುಖ್ಯಸ್ಥರನ್ನು ತೋರಿಸಿ ಹೇಳಿದರು. ಅಧಿಕಾರಿ ಅವರ ಕಡೆ ತಿರುಗಿದರು. ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಆಕೆಗೆ ತಂಗಿಯ ವಿಷಯದಲ್ಲಿ ಮನಸ್ಸು ನೊಂದಿದೆ, ಈ ಮಾತನ್ನು ನಾವು ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದರು. ಸಭೆಯಲ್ಲಿದ್ದವರಿಗೆ ಅವರ ದೊಡ್ಡತನ ಕಂಡು ಹೃದಯ ತುಂಬಿ ಬಂತಂತೆ. ಒಂದು ಹೆಜ್ಜೆ ಹಿಂದೆ ಯಾರೂ ನೋಡಲಿಲ್ಲ. ಗೂಬೆಯನ್ನು ಲಾಗಮ್ಮನವರ ತಲೆಯ ಮೇಲೆ ಕೂರಿಸಿ ವಿಚಾರಣೆ ಮುಗಿಯಿತು.

ಆಸ್ಪತ್ರೆಯವರು ತಮ್ಮ ಪಾಲಿನ ಗೂಬೆಯನ್ನು ತಂಗಿಯ ತಲೆಯ ಮೇಲೆ ಕೂರಿಸಿದರು. ಪರದೆ ನೋಡಿ ಕೈಕಟ್ಟಿ ಕುಳಿತದ್ದು ನಿರ್ಲಕ್ಷ್ಯವಂತೆ. ಇನ್ನು ಅವರು ರೋಗಿಗಳ ಹತ್ತಿರ ಸುಳಿಯುವಂತಿಲ್ಲವಂತೆ. ನರ್ಸ್ ಆಗಬೇಕೆಂದು ಚಿಕ್ಕಂದಿನಿಂದ ಹಟ ಹಿಡಿದು, ಗೊಂಬೆಗಳ ಕೈಕಾಲಿಗೆಲ್ಲ ಬಟ್ಟೆ ಸುತ್ತುತ್ತಿದ್ದ ಹೆಣ್ಣುಮಗಳು ಅವರು. ಆ ದಿನ ಅಕ್ಕನ ಮನೆಗೆ ಬಂದವರು ಚಪ್ಪಲಿ ಬಿಡಲಿಲ್ಲ, ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, "ನೀನು ಆಫ್ ಮಾಡಿದ್ದು ಒಂದು ಸಾಲು ಅಕ್ಕ, ನನಗೆ ಇಡೀ ಬದುಕೇ ಆಫ್ ಆಯ್ತು" ಎಂದರು. ಬಾ, ಆಫೀಸಿಗೆ ಬಾ, ಯಾರು ಬರೆದದ್ದು ಅಂತ ನಿನ್ನ ಕಣ್ಣಿಗೇ ತೋರಿಸ್ತೀನಿ ಎಂದು ಲಾಗಮ್ಮ ಕೈ ಹಿಡಿದುಕೊಂಡರು. ತಂಗಿ ಕೈ ಬಿಡಿಸಿಕೊಂಡರು.

"ಒಂದು ಪರದೆ ನಂಬಿ ಕೆಟ್ಟೆ. ಇನ್ನೊಂದು ಪರದೆ ತೋರಿಸ್ಬೇಡ ನನಗೆ."

ಅಂದಿನಿಂದ ಮದುವೆ ಸಾವು ಇದ್ದರೆ ಬರುತ್ತಿದ್ದರು, ಬಂದರೂ ದೂರದ ನೆಂಟರ ಹಾಗೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಎದ್ದು ಹೋಗುತ್ತಿದ್ದರು. ಅಕ್ಕ ಮಾಡಿದ ಕಾಫಿಯನ್ನು ಬೇಡವೆನ್ನುತ್ತಿರಲಿಲ್ಲ. ಅರ್ಧ ಕುಡಿದು ಇಡುತ್ತಿದ್ದರು. ಲಾಗಮ್ಮ ಆ ಅರ್ಧ ಲೋಟಗಳನ್ನು ತಾವೇ ಎತ್ತಿ ತೊಳೆಯುತ್ತಿದ್ದರು.

ಆ ದಿನಗಳಲ್ಲಿ ತಂಗಿಯ ಮನೆಗೆ ಸಮಾಧಾನ ಹೇಳಲು ಒಬ್ಬರು ಬಂದಿದ್ದರು. ಕೈಯಲ್ಲಿ ಹಣ್ಣಿನ ಚೀಲ ಹಿಡಿದು ಬಂದು, ಅಕ್ಕನ ಮೇಲೆ ಕೋಪ ಬೇಡಮ್ಮ, ಮನುಷ್ಯರಿಗೆ ತಪ್ಪಾಗುತ್ತೆ ಎಂದು ಬುದ್ಧಿ ಹೇಳಿ, ಆಸ್ಪತ್ರೆಯ ಆಡಳಿತದಲ್ಲಿ ತಮಗೆ ಪರಿಚಯವಿದ್ದವರಿಗೆ ಒಂದು ಮಾತು ಹಾಕಿ, ನೆಲಮಾಳಿಗೆಯ ಹೊದಿಕೆ ದಾಸ್ತಾನಿನಲ್ಲಿ ತಂಗಿಗೆ ಕೆಲಸ ಉಳಿಸಿಕೊಟ್ಟರು. ತಂಗಿ ತಮ್ಮ ಉಳಿದ ಸೇವೆಯನ್ನೆಲ್ಲ ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತ ಕಳೆದರು, ಮಡಚುತ್ತಲೇ ಆ ಮನುಷ್ಯರನ್ನು ದೇವರಂಥವರು ಎಂದು ಹರಸಿದರು. ಬಂದವರು ನಮ್ಮ ಈಗಿನ ನಿರ್ದೇಶಕರೆಂದು ಬಿಡಿಸಿ ಹೇಳುವ ಅಗತ್ಯವಿಲ್ಲ. ಮರುವರ್ಷವೇ ಅವರಿಗೆ ಬಡ್ತಿಯಾಯಿತು.

ಲಾಗಮ್ಮನವರಿಗೆ ಆದದ್ದು ಜಾಗ ಬದಲಾವಣೆ. ಲಿಫ್ಟಿನ ಯಂತ್ರದ ಪಕ್ಕದ ಕೋಣೆ, ಲಿಫ್ಟ್ ಏರಿದಾಗಲೆಲ್ಲ ಮೇಜಿನ ಮೇಲಿನ ಲೋಟ ನಡುಗುತ್ತಿತ್ತು. ಬಡ್ತಿಯ ಪಟ್ಟಿ ಬಂದಾಗಲೆಲ್ಲ ಹಳೆಯ ವಿಚಾರಣೆಯನ್ನು ಯಾರಾದರೂ ನೆನಪಿಸುತ್ತಿದ್ದರು. ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. ಸಂಸ್ಥೆಯ ಡ್ರೈವರುಗಳಷ್ಟನ್ನೂ ಮತ್ತೆ ತೆರೆದು, ಯಾವ ಸಂದೇಶದ ಹೊಟ್ಟೆಯೊಳಗೆ ಯಾರು ಯಾವ ಕೆಲಸ ಬಚ್ಚಿಟ್ಟಿದ್ದಾರೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರು. ಅಂಥವು ಬೇಕಾದಷ್ಟು ಸಿಕ್ಕವು. ಪ್ರತಿಯೊಂದರಲ್ಲೂ ಕೆಲಸವನ್ನು ಹೊರಗೆ ತೆಗೆದು ಅದರ ಜಾಗದಲ್ಲಿಟ್ಟು, ಸಂದೇಶಕ್ಕೆ ಹೇಳುವುದನ್ನು ಮಾತ್ರ ಬಿಟ್ಟರು. ಇಂದು ಎಲ್ಲೋ ಒಂದು ಹಾಸಿಗೆಯನ್ನು ವಾರ್ಡಿನಿಂದ ವಾರ್ಡಿಗೆ ತಳ್ಳಿದಾಗ ಪರದೆಯ ಅಂಕಿ ನಿಲ್ಲದೆ ಓಡುತ್ತಿದ್ದರೆ ಅದಕ್ಕೆ ಆ ಲಿಫ್ಟಿನ ಕೋಣೆಯೇ ಕಾರಣ. ಅದಕ್ಕೆ ಸಂಸ್ಥೆ ಕೊಟ್ಟ ಹೆಸರು ವಾಡಿಕೆಯ ನಿರ್ವಹಣೆ.

ಹೊಸದಾಗಿ ಸೇರಿದ ಒಬ್ಬ ಹೆಣ್ಣುಮಗಳು ಬರೆದ ಸಂದೇಶವೊಂದು ಒಮ್ಮೆ ನಿಲ್ಲದೆ ಅಚ್ಚಾಗಿ, ಗ್ರಾಹಕರ ಯಂತ್ರದ ಜಾಗವನ್ನೆಲ್ಲ ತುಂಬಿ, ಅದನ್ನು ಕೆಡವಿತು. ಸಭೆಯಲ್ಲಿ ಆಕೆಯ ಹೆಸರು ಗೋಡೆಯ ಮೇಲೆ ಬಂತು. ಕರೆಯದಿದ್ದರೂ ಲಾಗಮ್ಮ ಅಲ್ಲಿಗೆ ಹೋಗಿ ಆಕೆಯ ಪಕ್ಕದಲ್ಲಿ ನಿಂತರು, ಒಂದು ಹೆಜ್ಜೆ ಹಿಂದೆ ತೋರಿಸುವ ತನಕ ಯಾರನ್ನೂ ಏಳಗೊಡಲಿಲ್ಲ. ಅವಸರಪಡಿಸಿ ಆ ಸಾಲನ್ನು ಹಾಗೆ ಬದಲಿಸಲು ಹೇಳಿದ್ದ ಮೇಲಿನವರು ಯಾರೆಂದು ಅಲ್ಲಿದ್ದ ವಿವರಣೆಯಿಂದ ಬಯಲಾಯಿತು. ಕೆಲಸ ಉಳಿಸಿಕೊಂಡ ಆ ಹೆಣ್ಣುಮಗಳು ಕಣ್ಣೊರೆಸಿಕೊಂಡು ಕೃತಜ್ಞತೆ ಹೇಳಹೊರಟಾಗ, ನನಗೆ ಹೇಳ್ಬೇಡ, ನಾಳೆ ಇನ್ನೊಬ್ಬರ ಪಕ್ಕ ನಿಂತ್ಕೋ, ಸಾಕು ಎಂದು ಅವರು ಲಿಫ್ಟಿನ ಕಡೆ ನಡೆದರು. ತಮಗೆ ಯಾರೂ ಮಾಡದ್ದನ್ನು ಇನ್ನೊಬ್ಬರಿಗೆ ಮಾಡುವುದನ್ನು ದೊಡ್ಡ ಗುಣವೆಂದು ಹೊಗಳುವುದು ಸುಲಭ. ಅದನ್ನು ಮಾಡುವಾಗ ಅವರಿಗೆ ತಮ್ಮ ವಿಚಾರಣೆಯ ದಿನ ಎಷ್ಟು ನೆನಪಾಗಿತ್ತೆಂಬುದನ್ನು ಹೊಗಳುವವರು ಕೇಳುವುದಿಲ್ಲ.

ನಿವೃತ್ತಿ ಹತ್ತಿರ ಬಂದಾಗ ಬೀಳ್ಕೊಡುಗೆಯಾಗಿ ಏನು ಬೇಕೆಂದು ಸಮಿತಿ ಕೇಳಿತು. ಹಳೆಯ ವಿಚಾರಣೆಯ ತೀರ್ಮಾನವನ್ನು ತಿದ್ದಿ, ಅದನ್ನು ತಂಗಿಗೆ ತಿಳಿಸಿದರೆ ಸಾಕು ಎಂದರು ಅವರು. ಅಧ್ಯಕ್ಷರು ಅದನ್ನು ಪರಿಶೀಲಿಸುವುದಾಗಿ ಹೇಳಿ ಗೋಡೆ ಗಡಿಯಾರಕ್ಕೆ ಮಂಜೂರಾತಿ ಕೊಟ್ಟರು. ಕುಟುಂಬದ ಪರವಾಗಿ ನಾಲ್ಕು ಮಾತಾಡಲು ತಂಗಿಯನ್ನು ಆಹ್ವಾನಿಸಿದವರೂ ಅವರೇ. ಹಳೆಯ ಉಪಕಾರ ನೆನಪಿರುವ ಬಾಯಿಂದ ವೇದಿಕೆಯ ಮೇಲೆ ಒಳ್ಳೆಯ ಮಾತು ಬಂದರೆ ಯಾರಿಗೆ ತಾನೆ ಬೇಡ?

ಹೀಗೆ ಕಳೆದ ವಾರ ಒಂದು ಮಧ್ಯಾಹ್ನ ತಂಗಿ ಮೊದಲ ಸಲ ಆ ಲಿಫ್ಟಿನ ಕೋಣೆಗೆ ಬಂದರು. ತಲೆ ಬೆಳ್ಳಗಾಗಿತ್ತು, ಬಟ್ಟೆ ಮಡಚಿ ಮಡಚಿ ಬೆರಳುಗಳು ಸೊಟ್ಟಗಾಗಿದ್ದವು. ಬಾಗಿಲ ಫಲಕ ಓದಿ ಸ್ವಲ್ಪ ನಕ್ಕರಂತೆ. ಕುಳಿತು, ಅಕ್ಕ ಕೊಟ್ಟ ಕಾಫಿಯ ಲೋಟ ನಡುಗುವುದನ್ನು ನೋಡಿ, ಬಂದ ವಿಷಯ ಹೇಳಿದರು.

"ವೇದಿಕೆ ಮೇಲೆ ಸರ್‌ಗೆ ಒಂದು ಥ್ಯಾಂಕ್ಸ್ ಹೇಳ್ಬೇಕು ಅಂತಿದೀನಿ. ಆವತ್ತು ಅವರಿಲ್ದಿದ್ರೆ ನಾನು ಬೀದಿಗೆ ಬೀಳ್ತಿದ್ದೆ. ಚೆನ್ನಾಗಿ ಹೇಗೆ ಹೇಳ್ಲಿ ಅಕ್ಕ, ನೀನೇ ಬರೆದುಕೊಡು."

ಲಾಗಮ್ಮ ಕುರ್ಚಿಯನ್ನು ಪರದೆಯ ಮುಂದಕ್ಕೆ ಎಳೆದು, "ಬರೆದುಕೊಡ್ತೀನಿ. ಅದಕ್ಕೆ ಮುಂಚೆ ಇದನ್ನ ಓದು" ಎಂದರು. ಆ ಸಾಲು ಬಂತು, ಪಕ್ಕದಲ್ಲಿ ಅಕ್ಕನ ಹೆಸರು. ಒಂದು ಹೆಜ್ಜೆ ಹಿಂದೆ ಹೋದರು. ಅದೇ ಸಾಲು, ಕೊನೆ ತಿದ್ದುವ ಮುಂಚಿನದು. ಪಕ್ಕದಲ್ಲಿ ಇನ್ನೊಬ್ಬರ ಹೆಸರು. ಆ ಸಾಲಿನೊಳಗೆ ಏನಿತ್ತು, ಅದು ಹೋದಾಗ ಹಾಸಿಗೆಯ ಪಕ್ಕದ ಯಂತ್ರ ಯಾಕೆ ಮೂಕವಾಯಿತು ಎಂದು ಲಾಗಮ್ಮ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ತಂಗಿ ಆ ಹೆಸರನ್ನು ಬೆರಳಿಟ್ಟು ಓದಿದರು, ಬೆರಳನ್ನು ಅಲ್ಲಿಯೇ ಬಿಟ್ಟರು.

"ಈ ಪರದೆ ನಿಜ ಹೇಳುತ್ತಾ?"

"ಸುಳ್ಳು ಹೇಳ್ದ ಹಾಗೆ ನೋಡ್ಕೊಳ್ಳೋದೇ ನನ್ನ ಕೆಲಸ ಆಗಿತ್ತು."

"ಮುಂಚೆನೇ ಯಾಕೆ ತೋರಿಸ್ಲಿಲ್ಲ?"

"ಕರೆದಿದ್ದೆ. ನೀನು ಬರ್ಲಿಲ್ಲ."

ಇಬ್ಬರೂ ಅತ್ತು ಒಂದಾದರು ಎಂದು ಬರೆದರೆ ಓದುವವರಿಗೆ ಹಿತವಾದೀತು. ಹಾಗಾಗಲಿಲ್ಲ. ನೆಲಮಾಳಿಗೆಯಲ್ಲಿ ಕಳೆದ ವರ್ಷಗಳು, ಅಕ್ಕನಿಗೆ ಕೊಡದೆ ಉಳಿಸಿಕೊಂಡ ಮಾತುಗಳು, ಹಣ್ಣಿನ ಚೀಲಕ್ಕೆ ಕೊಟ್ಟ ಆಶೀರ್ವಾದಗಳು, ಯಾವುದೂ ಒಂದು ಮಧ್ಯಾಹ್ನದಲ್ಲಿ ವಾಪಸು ಬರುವ ಸಾಮಾನಲ್ಲ. ತಂಗಿ ಎದ್ದರು. ಕಾಫಿ ಪೂರ್ತಿ ಕುಡಿದಿದ್ದರು. ಭಾಷಣ ನಾನೇ ಬರ್ಕೋತೀನಿ, ನೀನು ಬರೆಯೋದು ಬೇಡ ಎಂದಷ್ಟೇ ಹೇಳಿ ಹೋದರು. ಮರುದಿನ ಸಮಿತಿಗೆ ಫೋನ್ ಮಾಡಿ ತಮಗೆ ಕೊಟ್ಟ ಸಮಯ ಸಾಲದು, ಇನ್ನಷ್ಟು ಬೇಕೆಂದು ಕೇಳಿದ್ದಾರೆ. ಅಧ್ಯಕ್ಷರು ಸಂತೋಷದಿಂದ ಒಪ್ಪಿದ್ದಾರೆಂದು ತಿಳಿದುಬಂದಿದೆ.

ಈ ಲೇಖನವನ್ನೂ ಅವರು ಒಪ್ಪಿದ್ದಾರೆ. ಅಚ್ಚಿಗೆ ಹೋಗುವ ಮುಂಚೆ ಎಲ್ಲ ಬರಹಗಳನ್ನೂ ಅವರ ಮುಂದಿಡಲಾಗಿತ್ತು. ಶೀರ್ಷಿಕೆ ನೋಡಿ ಸಹಿ ಹಾಕಿದರು.

ಲಾಗಮ್ಮನವರಿಗೆ ಆಯುಸ್ಸು ಆರೋಗ್ಯ ತುಂಬಿರಲಿ. ಸುಳ್ಳು ಹೇಳುವ ಸಾಲುಗಳು ಜಗತ್ತಿನಲ್ಲಿ ಕಡಿಮೆಯೇನೂ ಆಗಿಲ್ಲ, ಅವರ ಕೈಗೆ ಕೆಲಸ ತಪ್ಪದಿರಲಿ. ಆ ಕೆಲಸಕ್ಕೆ ಕಿಟಕಿಯಿರುವ ಒಂದು ಕೋಣೆಯಾದರೂ ಸಿಗಲಿ. ಅವರ ತಂಗಿ ಅವರ ಮನೆಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವ ದಿನಗಳು ಇನ್ನೂ ಬಹಳ ಇರಲಿ. ನಿರ್ದೇಶಕರಿಗೂ ನಾವು ಮನಸಾರೆ ದೀರ್ಘಾಯುಷ್ಯ ಕೋರುತ್ತೇವೆ. ಸಂಪುಟ ಬಿಡುಗಡೆಯಾಗಿ, ವೇದಿಕೆಯ ನಡುವಿನ ಕುರ್ಚಿಯಲ್ಲಿ ಕುಳಿತು ಅವರು ಪುಟ ತಿರುವುತ್ತ ಇಲ್ಲಿಗೆ ಬರುವ ಹೊತ್ತಿಗೆ, ತಂಗಿ ಮೈಕಿನ ಮುಂದೆ ನಿಂತಿರುತ್ತಾರೆ.